ಆಂಬುಲೆನ್ಸಿನ ಬೋಣಿ

ಎದೆ ಹಿಡಿದುಕೊಂಡು ಹೊರಗೆ ಬಂದ ಅನುಸೂಯಮ್ಮ, ಮನೆ ಮುಂದೆ ನಿಂತಿದ್ದ ಆಂಬುಲೆನ್ಸನ್ನು ಕಣ್ಣೆತ್ತಿಯೂ ನೋಡದೆ ಹೋಗಿ ಬಸಲಿಂಗನ ಆಟೋದಲ್ಲಿ ಕುಳಿತರು.

"ದೊಡ್ಡಮ್ಮ, ಗಾಡಿ ಇಲ್ಲೈತೆ," ಎಂದ ಆಂಬುಲೆನ್ಸ್ ಡ್ರೈವರ್ ಮುನೀಂದ್ರ, ಹಿಂಬಾಗಿಲು ತೆರೆದು ಹಿಡಿದುಕೊಂಡೇ. "ಆಕ್ಸಿಜನ್ ಐತೆ. ಆರಾಮಾಗಿ ಮಲಗ್ಕೊಂಡು ಬರ್ಬೋದು."

"ಮಲಗ್ದೋರು ಏಳ್ಬೇಕಲ್ಲಪ್ಪ. ಬೋಣಿಗೆ ನಾನೇ ಸಿಕ್ಕಿದ್ನಾ ನಿಂಗೆ? ಬಸಲಿಂಗ, ನಡಿ ನೀನು."

ಹೆಬ್ಬಗೋಡಿ ಪಕ್ಕದ ಆ ಊರಿನ ಯುವಕ ಸಂಘದವರು ಚಂದಾ ಎತ್ತಿ ತಂದ ಹೊಸ ಗಾಡಿ ಅದು. ಪೂಜೆಯಾಗಿತ್ತು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು, ಊರಿಗೆಲ್ಲ ಲಾಡು ಹಂಚಿಯೂ ಆಗಿತ್ತು. ಮೊದಲ ರೋಗಿಯಾಗಲು ಮಾತ್ರ ಯಾರೂ ಮುಂದೆ ಬಂದಿರಲಿಲ್ಲ. ಅಂಗಡಿಯ ಮೊದಲ ಗಿರಾಕಿಯನ್ನು ನೋಡಿ ಇಡೀ ದಿನದ ವ್ಯಾಪಾರ ಹೇಳುವ ಜನ ಇವರು. ಇಂಥ ಗಾಡಿಗೆ ಬೋಣಿಯಾದವನ ಗತಿ ಏನಾದೀತೆಂದು ಎಲ್ಲರಿಗೂ ಅಂಜಿಕೆ. ಹೋದ ತಿಂಗಳು ಕಾಲು ಮುರಿದುಕೊಂಡ ಮುನಿಯಣ್ಣ, ಮಗಳ ಸ್ಕೂಟರಿನ ಹಿಂದೆ ಕಾಲು ಚಾಚಿ ಕುಳಿತು, ಇದೇ ಆಂಬುಲೆನ್ಸಿನ ಪಕ್ಕದಿಂದ 'ಅಯ್ಯೋ ಅಪ್ಪಾ' ಎನ್ನುತ್ತಾ ಆಸ್ಪತ್ರೆಗೆ ಹೋಗಿದ್ದ. ಚಂದಾ ಎತ್ತಿದವರನ್ನೇ ಮೊದಲು ಅದರಲ್ಲಿ ಮಲಗಿಸಿ ಒಂದು ಸುತ್ತು ಹಾಕಿಸಬೇಕಿತ್ತು. ಆ ಬುದ್ಧಿ ಯಾರಿಗೂ ಬರಲಿಲ್ಲ.

ಬೇರೆ ದಾರಿ ತೋಚದ ಮುನೀಂದ್ರ, ರಸ್ತೆಯಲ್ಲಿ ಜಾಗವನ್ನಾದರೂ ಬಿಡಿಸಿಕೊಡೋಣವೆಂದು ಸೈರನ್ ಹಾಕಿಕೊಂಡು ಆಟೋ ಮುಂದೆ ಹೊರಟ. ಖಾಲಿ ಆಂಬುಲೆನ್ಸ್ ಬಾಯಿ ಬಡಿದುಕೊಳ್ಳುತ್ತಾ ಮುಂದೆ, ಎದೆನೋವಿನ ಅನುಸೂಯಮ್ಮ ಆಟೋದಲ್ಲಿ ತೆಪ್ಪಗೆ ಹಿಂದೆ. ಕಂಪನಿ ಬಸ್ಸುಗಳು, ಕಾರುಗಳು ಪಕ್ಕಕ್ಕೆ ಸರಿದು ಜಾಗ ಕೊಟ್ಟವು. ಆದರೆ ಹೊಸೂರು ರಸ್ತೆಯಲ್ಲಿ ಆಂಬುಲೆನ್ಸಿನ ಬಾಲ ಹಿಡಿದು ನುಗ್ಗಲು ಬೈಕಿನವರು ಕಾದೇ ಇರುತ್ತಾರೆ. ಅವರು ನುಗ್ಗಿದರು, ಅವರ ಹಿಂದೆ ಕಾರಿನವರೂ ನುಗ್ಗಿದರು. ಸಿಗ್ನಲ್ ಬಳಿ ಮುನೀಂದ್ರ ಕನ್ನಡಿಯಲ್ಲಿ ನೋಡಿದರೆ ಆಟೋ ಕಾಣಲಿಲ್ಲ. ಗಾಡಿ ನಿಲ್ಲಿಸಿದ್ದೇ ತಡ, ಟ್ರಾಫಿಕ್ ಪೊಲೀಸಿನವರು ಬಂದು ಒಳಗೆ ಇಣುಕಿದರು.

"ಪೇಷೆಂಟ್ ಎಲ್ರೀ?"

"ಹಿಂದೆ ಆಟೋದಲ್ಲಿ ಬರ್ತಾವ್ರೆ ಸಾರ್."

ಪೊಲೀಸಿನವರು ಅವನ ಬಾಯಿ ವಾಸನೆ ನೋಡಿದರು. ಅವರಿಗೆ ಬಿಡಿಸಿ ಹೇಳುವಷ್ಟು ವ್ಯವಧಾನ ಮುನೀಂದ್ರನಿಗಿರಲಿಲ್ಲ. ಸ್ಟ್ರೆಚರ್ ಇಳಿಸಿ, ತಳ್ಳಿಕೊಂಡು ಹಿಂದಕ್ಕೆ ಓಡಿದ. ಆಟೋ ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡಿತ್ತು. ಅನುಸೂಯಮ್ಮನ ಮುಖ ಬೆವರಿನಿಂದ ತೊಯ್ದು ತುಟಿ ಕಪ್ಪಿಟ್ಟಿತ್ತು. ಮುನೀಂದ್ರನಿಗೆ ನಿಜವಾಗಿಯೂ ಭಯವಾಯಿತು. ಕೈ ಮುಗಿದ, ಬೇಡಿಕೊಂಡ. ಅವರು ಆಟೋದ ಕಂಬಿ ಬಿಡಲಿಲ್ಲ.

ಆಗ ಬಸಲಿಂಗ ಕೆಳಗಿಳಿದ. ಯಾದಗಿರಿ ಕಡೆಯವನು. ಅನುಸೂಯಮ್ಮನ ವಠಾರದಲ್ಲೇ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ನೀರು ಜಾಸ್ತಿ ಬಳಸುತ್ತಾನೆಂದು ಅವರಿಂದ ದಿನವೂ ಬೈಸಿಕೊಳ್ಳುತ್ತಿದ್ದ.

"ಅಮ್ಮಾರ, ನಾ ಮೊದಲ ಮಕ್ಕೋತೀನ್ರಿ. ಬೋಣಿ ನಂದ ಆಗ್ತದ. ಆಮ್ಯಾಲ ನೀವು ಮಕ್ಕೋರಿ," ಎಂದವನೇ ನಡುರಸ್ತೆಯಲ್ಲಿ ಸ್ಟ್ರೆಚರ್ ಹತ್ತಿ ಅಂಗಾತ ಮಲಗಿಯೇ ಬಿಟ್ಟ. ಬೈಕಿನವರು ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದರು.

ಅನುಸೂಯಮ್ಮ ಒಂದು ಗಳಿಗೆ ಅವನನ್ನೇ ನೋಡಿದರು. ಅವನ ಹೆಂಡತಿ ಶೈಲಾಳ ಸೀಮಂತಕ್ಕೆ ಮೊನ್ನೆಯಷ್ಟೇ ತಮ್ಮ ಕೈಯಾರೆ ಮಡಿಲು ತುಂಬಿದ್ದರು.

"ಏಳೋ ಮ್ಯಾಕೆ. ಮನೇಲಿ ಬಸುರಿ ಎಂಡ್ತಿ ಮಡೀಕೊಂಡು ಬೋಣಿ ಮಾಡ್ತಾನಂತೆ."

"ಏನೂ ಆಗಂಗಿಲ್ರಿ ಅಮ್ಮಾರ."

"ಏನೂ ಆಗಲ್ಲ ಅಂದ್ಮೇಲೆ ನಾನೇ ಮಲಗ್ತೀನಿ. ಇಳಿಯೋ ಕೆಳೀಕೆ."

ಇಬ್ಬರೂ ಸೇರಿ ಅವರನ್ನು ಮಲಗಿಸಿ, ತಳ್ಳಿಕೊಂಡು ಹೋಗಿ ಆಂಬುಲೆನ್ಸಿಗೆ ಹತ್ತಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರ್ ಹತ್ತಿರ ಬಂದಾಗ ಅನುಸೂಯಮ್ಮ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆಳೆದು, "ನೋಡಿ ಡಾಕ್ಟ್ರೇ, ಆ ಗಾಡಿಗೆ ನಾನೇ ಬೋಣಿ. ನಾನು ಸತ್ರೆ ನಮ್ಮೂರಲ್ಲಿ ಇನ್ಯಾರೂ ಅದ್ರೊಳಗೆ ಕಾಲಿಡಲ್ಲ. ಸ್ವಲ್ಪ ನಿಗಾ ಮಾಡಿ," ಎಂದರು. ಡಾಕ್ಟರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಸ್ಟೆಂಟನ್ನು ಮಾತ್ರ ಸರಿಯಾಗಿ ಹಾಕಿದರು.

ಅಲ್ಲಿಂದಾಚೆಗೆ ಊರಿಗೆ ಅದೊಂದೇ ಚಿಂತೆ. ಅನುಸೂಯಮ್ಮನ ಜೊತೆ ಮಾತು ಬಿಟ್ಟವರೂ ಮುನೀಂದ್ರನನ್ನು ನಿಲ್ಲಿಸಿ, "ಬೋಣಿ ಎಂಗೈತೋ?" ಎಂದು ಕೇಳುವರು. ಅವರಿಗಾಗಿ ಮಾರಮ್ಮನಿಗೆ ಹರಕೆ ಹೊತ್ತವರೂ ಇದ್ದರು. ಅನುಸೂಯಮ್ಮ ಅದೇ ಆಂಬುಲೆನ್ಸಿನಲ್ಲಿ, ಮುನೀಂದ್ರನ ಪಕ್ಕದ ಸೀಟಿನಲ್ಲಿ ಕುಳಿತು ವಾಪಸು ಬಂದ ದಿನ ಊರಿನ ತಿರುವಿನಲ್ಲಿ ಜನ ಸೇರಿದ್ದರು. ತಮಟೆ ಬಡಿದರು. ಯುವಕ ಸಂಘದವರು ದೊಡ್ಡದೊಂದು ಸೇವಂತಿಗೆ ಹಾರವನ್ನು ನಾಲ್ಕು ಜನ ಹೊತ್ತು ತಂದು ಆಂಬುಲೆನ್ಸಿನ ಮುಂಭಾಗಕ್ಕೆ ಹಾಕಿ ಕೈ ಮುಗಿದರು. ಒಳಗೆ ಕುಳಿತವರ ಕಡೆ ಯಾರಿಗೂ ಗಮನವಿರಲಿಲ್ಲ.

ಮುನೀಂದ್ರನಿಗೆ ಕಸಿವಿಸಿಯಾಯಿತು. "ದೊಡ್ಡಮ್ಮ, ಹಾರ ನಿಂಗೆ ಹಾಕ್ಬೇಕಾಗಿತ್ತು. ತಾಳು, ತೆಗೆಸಿ ನಿಂಗೇ ಹಾಕಿಸ್ತೀನಿ."

"ಬ್ಯಾಡ ಕಣೋ, ಗಾಡಿಗೇ ಇರ್ಲಿ ಬಿಡು," ಎಂದರು ಅನುಸೂಯಮ್ಮ. "ನನ್ನ ಫೋಟೋಗೆ ಬೀಳ್ಬೇಕಾಗಿದ್ದ ಹಾರ ಅದು."