ಪಟ್ಟಿ ಕಟ್ಟಿದ ಕೈ

ಆಟ ಮುಗಿಯಲು ಒಂದೇ ನಿಮಿಷವಿತ್ತು. ಎರಡೂ ಶಾಲೆಗಳ ಅಂಕ ಸಮ. ಬದಲಿ ಆಟಗಾರ್ತಿಯಾಗಿ ಆಗಷ್ಟೇ ಇಳಿದು ಗೆರೆಯಾಚೆ ರೇಡಿಗೆ ನಿಂತ ಹುಡುಗಿಯ ಎಡಗೈಗೆ ಭುಜದಿಂದ ಮೊಣಕೈವರೆಗೆ ಬಿಳಿ ಪಟ್ಟಿ ಬಿಗಿದಿತ್ತು.

ಈಚೆ ತಂಡದ ನಾಯಕಿ ತನ್ನವರನ್ನು ಹತ್ತಿರ ಕರೆದಳು. "ಹುಟ್ಟೋವಾಗ ನರ ಜಗ್ಗಿ ಅಕಿದೊಂದು ಕೈ ಸೋತೈತಂತ. ಪಟ್ಟಿ ಕಟ್ಯಾರ ನೋಡ್ರಿ. ಬಲಗೈ ಒಂದ ಕಾಯ್ರಿ, ಸಾಕು."

"ಮತ್ತ ಎಡಗೈ?" ಮೂಲೆಯವಳು ಕೇಳಿದಳು.

"ಅದರ ಗೊಡವಿ ಬ್ಯಾಡ. ಅದು ಏಳೂದಿಲ್ಲ."

ಕಬಡ್ಡಿ ಕಬಡ್ಡಿ ಎನ್ನುತ್ತ ಹುಡುಗಿ ಒಳಬಂದಳು. ಏಳೂ ಮಂದಿಯ ಕಣ್ಣು ಅವಳ ಬಲಗೈ ಮೇಲೆ. ಅದು ಮೈಗೆ ಅಂಟಿಕೊಂಡೇ ಇತ್ತು. ಹೊಂಚು ಹಾಕುತ್ತಿದ್ದಾಳೆ ಎಂದುಕೊಂಡ ನಾಯಕಿ ಅದನ್ನು ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟಳು. ಪಟ್ಟಿ ಕಟ್ಟಿದ ಕೈ ನಾಯಕಿಯ ಭುಜ ತಟ್ಟಿತು. ಹುಡುಗಿ ಗೆರೆ ದಾಟಿದಳು. ಕೊನೆಯ ಸೀಟಿ ಕೇಳಿಸಿತು.

ಆಮೇಲೆ ಎರಡೂ ತಂಡದವರು ಕೈ ಕುಲುಕಲು ಸಾಲಾಗಿ ನಿಂತರು. ನಾಯಕಿಯ ಮುಂದೆ ಬಂದ ಹುಡುಗಿ ಪಟ್ಟಿ ಕಟ್ಟಿದ ಕೈಯನ್ನೇ ಚಾಚಿದಳು.

"ಆ ಕೈ ಬ್ಯಾಡವಾ, ನೋವಾಗ್ತೈತಿ. ಬಲಗೈ ಕೊಡು."

ಹುಡುಗಿ ಪಟ್ಟಿ ಕಟ್ಟಿದ ಕೈಯಿಂದ ತನ್ನ ಬಲಗೈಯನ್ನು ಎತ್ತಿ ತಂದು ನಾಯಕಿಯ ಅಂಗೈಯಲ್ಲಿ ಇಟ್ಟಳು.