ದುಂಡವ್ವ ಎರೆಯುವ ನೀರು

ತಟ್ಟೆಯಲ್ಲಿನ ಕೋಶಗಳಿಗೆ ಹೊಸ ದ್ರವ ಹಾಕುವ ಮೊದಲು ಸಂಶೋಧಕಿ ಮುಬೀನಾ ಎಂದಿನಂತೆ ಫೋನು ಮಾಡಿದಳು. ಕೋಶಕ್ಕೆ ತಾಕಿದ್ದು ಅದನ್ನು ಕೊಟ್ಟವರಿಗೂ ತಾಕುತ್ತದಲ್ಲ. ಹೇಳದೆ ಸುರಿದರೆ ಪಾಪ, ಬೆಚ್ಚಿಬೀಳುತ್ತಾರೆ.

"ದುಂಡವ್ವಾರ, ಕೈ ಸ್ವಲ್ಪ ತಣ್ಣಗ ಅನಸತೈತ್ರಿ."

"ಅನಸಲಿ ಬಿಡವಾ. ನನಗ ತಿಳಿಯೂದು ಅದೊಂದ."

ದುಂಡವ್ವನ ಕುಷ್ಠ ವಾಸಿಯಾಗಿತ್ತು. ಆದರೆ ನರಗಳನ್ನು ಸುತ್ತಿ ಕಾಯುವ ಕೋಶಗಳನ್ನು ಅದು ಹಾಳುಮಾಡಿ, ಬೆರಳುಗಳನ್ನು ಮರಗಟ್ಟಿಸಿ ಹೋಗಿತ್ತು. ಉಳಿದ ಕೆಲವು ಕೋಶಗಳೇ ಈ ತಟ್ಟೆಯಲ್ಲಿದ್ದವು.

"ಮೊಮ್ಮಗಳಿಗೆ ನೀರು ಎರಿಯಾಕ ಸೊಸಿ ಬಿಡವಲ್ಲಳವಾ. ನೀರು ಸುಡೂದು ನಿಮಗ ತಿಳಿಯೂದಿಲ್ಲ ಅಂತಾಳ. ಖರೇನೂ ಐತಿ."

ಮರುದಿನ ಬೆಳಿಗ್ಗೆ ಮುಬೀನಾ ಬಿಗಿಯಾಗಿ ಮುಚ್ಚಿದ ತಟ್ಟೆಯನ್ನು ಎದೆಗವಚಿಕೊಂಡು ದುಂಡವ್ವನ ಮನೆಗೆ ಹೋದಳು. ಬಚ್ಚಲಲ್ಲಿ ಸೊಸೆ ಕೂಸಿಗೆ ಎರೆಯಲು ನೀರು ಹದಮಾಡಿ ಇಟ್ಟಿದ್ದಳು. ಮುಬೀನಾ ತಟ್ಟೆಯನ್ನು ಅದರ ಮೇಲೆ ತೇಲಿಬಿಟ್ಟಳು.

"ಯವ್ವಾ, ಸುಡತೈತಿ!" ನೀರು ಮುಟ್ಟದೆ ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದ ದುಂಡವ್ವ ಕೂಗಿದಳು. ಮುಖದ ತುಂಬ ನಗು.

ಮುಬೀನಾ ತಟ್ಟೆಯನ್ನು ಚಟ್ಟನೆ ಎತ್ತಿಕೊಂಡಳು. ಸೊಸೆ ನೀರಿನಲ್ಲಿ ಕೈಯದ್ದಿ ನೋಡಿ ನಾಲಿಗೆ ಕಚ್ಚಿದಳು. ಇನ್ನೊಂದು ಚೊಂಬು ತಣ್ಣೀರು ಬೆರೆಸಿದಳು. ಆಮೇಲೆ ಕೂಸನ್ನು ಅತ್ತೆಯ ಚಾಚಿದ ಕಾಲುಗಳ ಮೇಲೆ ಮಲಗಿಸಿದಳು.