ಕಣ್ಣು ಮುಚ್ಚಿ ನೂರು ಗಜ

ಚನ್ನಕೇಶವನಿಗೆ ಜ್ವರ ಬಂದ ದಿನ ನಲ್ಲಪ್ಪ ನೂರು ಗಜವನ್ನು ಹನ್ನೊಂದು ಸೆಕೆಂಡಿನಲ್ಲಿ ಓಡಿಬಿಟ್ಟ. ಡ್ರಿಲ್ ಮೇಷ್ಟ್ರು ರಾಮಾಂಜಿನಪ್ಪನವರು ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ನೋಡಿದರು, ಒಮ್ಮೆ ಅಲ್ಲಾಡಿಸಿದರು, ಅವನನ್ನು ಇನ್ನೊಮ್ಮೆ ಓಡಿಸಿದರು. ಮತ್ತೆ ಹನ್ನೊಂದು.

ಅವರಿಗೆ ಸಂತೋಷವೇನೂ ಆಗಲಿಲ್ಲ. ಓಟವನ್ನು ಯಾರಿಗೆ ಬೇಕಾದರೂ ಕಲಿಸಬಹುದು ಎನ್ನುವುದು ಮಿಲಿಟರಿಯಲ್ಲಿದ್ದಾಗಿನಿಂದ ಅವರ ಸಿದ್ಧಾಂತ. ಮೇಲೂರಿನ ಬತ್ತಿದ ಕೆರೆಯಂಗಳದಲ್ಲಿ ಈ ಇಬ್ಬರನ್ನೂ ಎರಡು ತಿಂಗಳಿಂದ ಪೊಲೀಸ್ ಆಯ್ಕೆಗೆ ತಯಾರು ಮಾಡುತ್ತಿದ್ದರು. ಹದಿಮೂರು ಸೆಕೆಂಡಿನೊಳಗೆ ನೂರು ಗಜ ಮುಗಿಸಿದವನು ಕಾನ್‌ಸ್ಟೇಬಲ್. ಚನ್ನಕೇಶವ ಹದಿನೈದರಿಂದ ಹದಿನಾಲ್ಕಕ್ಕೆ ಇಳಿದ ವಾರವೇ ನಲ್ಲಪ್ಪನೂ ಇಳಿದಿದ್ದ. ಅವನು ಹದಿಮೂರೂವರೆಗೆ ಬಂದರೆ ಇವನೂ ಬಂದ. ಪ್ರತಿ ಸಲವೂ ಚನ್ನಕೇಶವನಿಗಿಂತ ಕಣ್ಣುರೆಪ್ಪೆ ಬಡಿಯುವಷ್ಟು ತಡ, ಅಷ್ಟೇ. ಪಾಠ ಒಂದೇ, ಆದ್ದರಿಂದ ಫಲವೂ ಒಂದೇ ಎಂದು ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿದ್ದರು.

"ಇಷ್ಟು ದಿನ ಯಾಕಯ್ಯ ಹಿಂಗೆ ಓಡ್ಲಿಲ್ಲ?"

"ಮುಂದ್ಗಡೆ ಚಿಕ್ಕೆಜಮಾನ್ರು ಇರ್ತಿದ್ರಲ್ಲ ಸಾ."

"ಇದ್ರೆ? ದಾಟ್ಕೊಂಡು ಹೋಗೋದು!"

"ಕಾಲು ದಾಟಣ ಅಂತದೆ ಸಾ. ಹತ್ರ ಹೋಗ್ತಿದ್ದಂಗೆ ಅವ್ರ ಬೆನ್ನು ಕಾಣ್ತದೆ. ಕಾಲು ಅಲ್ಲೇ ಬುದ್ಧಿ ಕಲ್ತ್‌ಕೊಳ್ತದೆ."

ಚನ್ನಕೇಶವನ ತಂದೆ ನರಸಿಂಹಪ್ಪನವರ ಹೊಲದಲ್ಲಿ ನಲ್ಲಪ್ಪನ ತಂದೆ ಕೋನಪ್ಪ ದುಡಿಯುತ್ತಿದ್ದ. ಕೋನಪ್ಪನ ತಂದೆ ದುಡಿದದ್ದೂ ಅಲ್ಲಿಯೇ. ಆ ಮನೆಯವರ ಬೆನ್ನನ್ನು ದಾಟಿದವರು ಕೇರಿಯಲ್ಲಿ ಯಾರೂ ಇರಲಿಲ್ಲ. ಆಯ್ಕೆಗೆ ಇನ್ನು ಹದಿನೈದು ದಿನ. ಮುಂದಿನ ವರ್ಷಕ್ಕೆ ನಲ್ಲಪ್ಪನ ವಯಸ್ಸು ಮೀರುತ್ತದೆ. ಈ ಸಲ ಆಗದಿದ್ದರೆ ಮತ್ತೆ ಅದೇ ಹೊಲ.

ಮೇಷ್ಟ್ರು ಲೆಕ್ಕ ಹಾಕಿದರು. ನಲ್ಲಪ್ಪನ ಓಟ ಹೆಚ್ಚಬೇಕಾದರೆ ಚನ್ನಕೇಶವನ ಓಟ ಹೆಚ್ಚಬೇಕು. ಜ್ವರ ಬಿಟ್ಟ ಮರುದಿನದಿಂದಲೇ ಅವನಿಗೆ ಬೆಳಗ್ಗೆ ಎರಡು ಹಸಿ ಮೊಟ್ಟೆ, ಮೊಳಕೆ ಹುರುಳಿ, ಕೆರೆ ಏರಿ ಹತ್ತಿ ಇಳಿಯುವುದು ಇಪ್ಪತ್ತು ಸಲ. ಒಂದು ವಾರವಾದರೂ ಆ ಅರ್ಧ ಸೆಕೆಂಡು ಕದಲಲಿಲ್ಲ.

"ಸಾಯಿಸ್ಬೇಡಿ ಮೇಷ್ಟ್ರೇ," ಎಂದ ಚನ್ನಕೇಶವ ನೆಲದ ಮೇಲೆ ಬಿದ್ದುಕೊಂಡು. "ಕೆಲ್ಸ ಸಿಗ್ದಿದ್ರೆ ನಂಗೆ ರೇಷ್ಮೆ ಐತೆ. ನಿಮ್ಗ್ಯಾಕೆ ನನ್ ಮೇಲೆ ಇಷ್ಟು ಕಾಳಜಿ?"

ನಿನ್ನ ಮೇಲಲ್ಲ ಕಣಪ್ಪ ಎಂಬ ಮಾತು ಬಾಯಿಗೆ ಬಂತು. ಮೇಷ್ಟ್ರು ನುಂಗಿಕೊಂಡರು.

ಮಾರನೆಯ ದಿನದಿಂದ ನಲ್ಲಪ್ಪನನ್ನು ಬೇರೆ ಹೊತ್ತಿನಲ್ಲಿ ಕರೆಸಿ, ಕಣ್ಣಿಗೆ ಟವಲು ಕಟ್ಟಿ ಓಡಿಸಿದರು. ಬೆನ್ನು ಕಂಡರೆ ತಾನೇ ತೊಂದರೆ? ಮೊದಲ ದಿನ ಅವನು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದ. ಮೂರನೆಯ ದಿನ ನೇರಕ್ಕೆ ಬಂದ. ಮೇಷ್ಟ್ರು "ಸಾಕು" ಎಂದು ಕೂಗಿದ ಕಡೆ ನಿಲ್ಲುತ್ತಿದ್ದ. ಹುಲ್ಲುಹೊರೆ ಹೊತ್ತು ಬಂದ ಅವನ ತಾಯಿ ಮಂಗಮ್ಮ ನಿಂತು ನೋಡಿದಳು.

"ನನ್ ಮಗನ್ ಕಣ್ಣು ಯಾಕ್ ಕಟ್ಟಿದ್ದೀರಾ ಸ್ವಾಮಿ?"

"ಮುಂದಕ್ಕೆ ಬರ್ಲಿ ಅಂತ ಕಣಮ್ಮ."

"ಅಂಗಾ? ಅವ್ರಪ್ಪನ್‌ಗೂ ಒಂದ್ ಕಟ್ಬಿಡಿ," ಎಂದು ಹೇಳಿ ಮಂಗಮ್ಮ ಹೊರಟುಹೋದಳು.

ಆಯ್ಕೆ ನಡೆದದ್ದು ಚಿಂತಾಮಣಿಯ ಮೈದಾನದಲ್ಲಿ. ನರಸಿಂಹಪ್ಪನವರು ಮಗನ ಓಟ ನೋಡಲು ಬಂದು, ಓಟ ಮುಗಿಯುವ ಸುಣ್ಣದ ಗೆರೆಯ ಬಳಿ ಕೊಡೆ ಬಿಚ್ಚಿ ಮೇಷ್ಟ್ರ ಪಕ್ಕದಲ್ಲೇ ನಿಂತರು. ಒಂದೇ ತಾಲ್ಲೂಕಿನವರೆಂದು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರು. ಸೀಟಿ ಊದಿದರು. ನಲ್ಲಪ್ಪ ಕಣ್ಣು ಮುಚ್ಚಿದ.

ಅರ್ಧ ದಾರಿಯಲ್ಲಿ ಅವನು ಚನ್ನಕೇಶವನನ್ನು ದಾಟಿದ. ದಾಟಿದ್ದು ಅವನಿಗೆ ಗೊತ್ತಾಗಲಿಲ್ಲ; ಮೈದಾನದಲ್ಲಿ ಉಳಿದವರಿಗೆಲ್ಲ ಗೊತ್ತಾಯಿತು. ಹನ್ನೊಂದು ಸೆಕೆಂಡಿಗೆ ಗೆರೆ ದಾಟಿದ. ಎಂದಿನಂತೆ "ಸಾಕು" ಎಂದು ಕೂಗಲು ಬಾಯಿ ತೆರೆದ ಮೇಷ್ಟ್ರು ಪಕ್ಕದ ಕೊಡೆಯನ್ನು ನೋಡಿ ಮುಚ್ಚಿಕೊಂಡರು. ನಲ್ಲಪ್ಪ ಓಡುತ್ತಲೇ ಇದ್ದ. ನೀರಿನ ಹಂಡೆ ದಾಟಿದ, ಜೀಪು ದಾಟಿದ, ಕೊನೆಗೆ ಮೈದಾನದಂಚಿನ ಕಳ್ಳಿಬೇಲಿ ಅವನನ್ನು ನಿಲ್ಲಿಸಿತು. ಇಬ್ಬರು ಪೇದೆಗಳು ಹೋಗಿ ಬಿಡಿಸಿಕೊಂಡು ಬಂದರು. ಇನ್‌ಸ್ಪೆಕ್ಟರು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಪಾಸು ಎಂದು ಬರೆದರು. ಚನ್ನಕೇಶವ ಹದಿಮೂರೂವರೆಗೆ ಬಂದು, ಯಾರೂ ಕೇಳದಿದ್ದರೂ ಬಿಸಿಲು ಜಾಸ್ತಿ ಎಂದ.

ನರಸಿಂಹಪ್ಪನವರು ಕೊಡೆ ಮಡಚಿದರು. ಮೇಷ್ಟ್ರ ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು.

"ಮೇಷ್ಟ್ರೇ, ಕೋನಪ್ಪನ ಮಗನ್‌ಗೆ ಹಿಂಗ್ ಮುಂದಕ್ಕೆ ಹೋಗಾದು ಯಾರು ಕಲಿಸಿದ್ದು?"

ಮೇಷ್ಟ್ರು ನೋಟ್‌ಬುಕ್ಕನ್ನು ನಿಧಾನವಾಗಿ ಜೇಬಿಗಿಳಿಸಿದರು.

"ಯಾರೂ ಕಲಿಸಿಲ್ಲ ಯಜಮಾನ್ರೇ. ಕಲಿಸಿದ್ರೆ ಬರೋದಲ್ಲ ಅದು. ಹುಟ್ಟಿನಿಂದ ಬಂದಿದ್ದು."

ನರಸಿಂಹಪ್ಪನವರ ಮುಖದ ಬಿಗಿ ಸಡಿಲವಾಯಿತು.

"ಹುಟ್ಟಿನಿಂದ್ಲೇ ಬಂದಿದ್ದಾ? ಹಂಗಾದ್ರೆ ಸರಿ ಬಿಡಿ," ಎಂದರು. "ಅದ್ಕೆ ಯಾರೂ ಏನೂ ಮಾಡಕ್ಕಾಗಲ್ಲ."